ಅಟ್ಟದಿಂದ ಇಳಿದ ಪೆಂಟಿಯಂ: ಸ್ವಿಚ್‌ಗೆ ಕೈ ಹಾಕುವ ಮುಂಚೆ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಗಲ್ಲಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಶುರು ಮಾಡಿದ್ದು 2000ದಲ್ಲಿ. ಆಗ ಜೋಡಿಸಿ ಕೊಟ್ಟ ಮಷೀನ್‌ಗಳು ಈಗ ಒಂದೊಂದಾಗಿ ಅಟ್ಟದಿಂದ ಇಳಿದು ಬರುತ್ತಿವೆ. ಆಗ ಹೈಸ್ಕೂಲಿನಲ್ಲಿದ್ದ ಹುಡುಗರಿಗೆ ಈಗ ಮಕ್ಕಳಿದ್ದಾರೆ. ಆ ಮಕ್ಕಳಿಗೆ ರೋಡ್ ರ‍್ಯಾಶ್ ಗೇಮ್ ತೋರಿಸಬೇಕಂತೆ. ಸಂತೋಷ. ಆದರೆ ಬರುವ ಪ್ರಶ್ನೆಗಳು ಮಾತ್ರ ಅವೇ ಅವೇ. ಅದಕ್ಕೇ ಒಂದು ಸಲ ಬರೆದು ಮುಗಿಸುತ್ತಿದ್ದೇನೆ. ರ‍್ಯಾಮ್ ಯಾವುದು, ಹಾರ್ಡ್ ಡಿಸ್ಕ್ ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದಿದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ, ಗೊತ್ತಿರುವವರನ್ನು ಕರೆಯಿರಿ.

ಸಾರ್, ಅಪ್ಪ 2003ರಲ್ಲಿ ಕೊಡಿಸಿದ ಪೆಂಟಿಯಂ 4 ಹನ್ನೆರಡು ವರ್ಷದಿಂದ ಅಟ್ಟದಲ್ಲಿತ್ತು. ಹಳೇ ಗೇಮ್‌ಗಳಿಗೇ ಅಂತ ಮೀಸಲಿಡುವ ಆಸೆ. ಮೊದಲು ಆನ್ ಮಾಡಿ ನೋಡಿ, ಆಮೇಲೆ ಏನು ಹೋಗಿದೆಯೋ ಅದನ್ನು ಹಾಕಿಸಲಾ?
— ಓದುಗರು, ಗುಬ್ಬಿ

ಬೇಡ. ವಾರಕ್ಕೆ ಮೂರು ಜನ ಇದನ್ನೇ ಕೇಳುತ್ತಾರೆ. ಇನ್ನು ಮೂರು ಜನ ಕೇಳದೆ ಆನ್ ಮಾಡಿ, ಆಮೇಲೆ ಬರುತ್ತಾರೆ.

ನಾನೂ ಹಾಗೆ ಮಾಡಿದವನೇ. ಸುಮಾರು ಹತ್ತು ವರ್ಷದ ಹಿಂದಿನ ಮಾತು. ತಿಪಟೂರಿನಿಂದ ಒಬ್ಬರು ಗೋಣಿಚೀಲದಲ್ಲಿ ಮಷೀನ್ ಸುತ್ತಿಕೊಂಡು ಬಂದರು. ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಬಿಚ್ಚಿ ನೋಡುವ ತಾಳ್ಮೆ ಇಲ್ಲದೆ ನೇರವಾಗಿ ಪ್ಲಗ್ಗಿಗೆ ಹಾಕಿದೆ. ಪಟ್ ಅಂತು, ಸುಟ್ಟ ಮೀನಿನಂಥ ವಾಸನೆ. ಎಸ್‌ಎಂಪಿಎಸ್ (ಇಡೀ ಮಷೀನಿಗೆ ಕರೆಂಟು ಕೊಡುವ ಡಬ್ಬ) ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಮಗಳ ನಾಮಕರಣದ ಫೋಟೋಗಳಿದ್ದವಂತೆ. ಅವರು ಏನೂ ಅನ್ನಲಿಲ್ಲ. ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಆವತ್ತಿನಿಂದ ಹಳೇ ಮಷೀನ್ ಬಂದರೆ ನನ್ನ ಅಂಗಡಿಯಲ್ಲಿ ಮೊದಲು ಡಿಸ್ಕ್ ಹೊರಗೆ ಬರುತ್ತದೆ.

ನೀವೂ ಅಲ್ಲಿಂದಲೇ ಶುರು ಮಾಡಿ. ಡಿಸ್ಕ್ ಬಿಚ್ಚಿ, ಯುಎಸ್‌ಬಿಯಿಂದ ಐಡಿಇಗೆ (ಆಗಿನ ಹಾರ್ಡ್ ಡಿಸ್ಕಿನ ಅಗಲ ಪಟ್ಟಿ ಕೇಬಲ್ಲಿನ ಕನೆಕ್ಷನ್) ಹಾಕುವ ಅಡಾಪ್ಟರ್ ತಂದು, ಈಗಿನ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ. ಆಮೇಲೆ ಆ ಡಿಸ್ಕನ್ನು ಬೀರುವಿಗೆ ಹಾಕಿ. ಗೇಮ್ ಆಡಲು ಅದು ಬೇಡ. ಕ್ಯಾಮೆರಾಗೆ ಹಾಕುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಐಡಿಇ ಭಾಷೆಯನ್ನೇ ಆಡುತ್ತದೆ. ಒಂದು ಚಿಕ್ಕ ಅಡಾಪ್ಟರ್ ಇದ್ದರೆ ಅದೇ ಹಾರ್ಡ್ ಡಿಸ್ಕ್. 32 ಜಿಬಿ ಸಾಕು. ಆಗಿನ ಒಂದು ಸಿಡಿ ಅಂದರೆ 700 ಎಂಬಿ, ಲೆಕ್ಕ ಹಾಕಿ.

ಈಗ ಡಬ್ಬ. (ನಮ್ಮ ಕಡೆ ಇಡೀ ಡಬ್ಬಕ್ಕೇ ಸಿಪಿಯು ಅನ್ನುತ್ತಾರೆ. ಅನ್ನಲಿ ಬಿಡಿ.) ಪಕ್ಕದ ಮುಚ್ಚಳ ತೆಗೆದು ಬಿಸಿಲಿನ ಬೆಳಕಿನಲ್ಲಿ ನೋಡಿ. ಹಲ್ಲಿ ಮೊಟ್ಟೆ, ಜಿರಳೆ ಹಿಕ್ಕೆ, ಕಣಜ ಕಟ್ಟಿದ ಮಣ್ಣಿನ ಗೂಡು ಎಲ್ಲವೂ ಸಿಗುತ್ತವೆ. ಹಲ್ಲಿ ಉಚ್ಚೆ ಬೋರ್ಡಿನ ಮೇಲೆ ಒಣಗಿದ್ದರೆ ಅದು ತಾಮ್ರದ ಗೆರೆಯನ್ನೇ ತಿಂದಿರುತ್ತದೆ. ದೂಳಿಗೆ ಬ್ಲೋವರ್ ಹಿಡಿಯಿರಿ, ಆದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡು. ಕಲೆ ಇದ್ದ ಕಡೆ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್. ಪೆಟ್ರೋಲ್ ಅಥವಾ ಥಿನ್ನರ್ ಹಾಕಿ ಬೋರ್ಡ್ ತೊಳೆದು ಕೊಡುವ ಮಹಾನುಭಾವರು ಇನ್ನೂ ಇದ್ದಾರೆ. ಪ್ಲಾಸ್ಟಿಕ್ ಸ್ಲಾಟ್ ಹಾಳು, ಬೆಂಕಿಯ ಭಯ ಬೇರೆ. ಅವರ ಹತ್ತಿರ ಹೋಗಬೇಡಿ.

ಆಮೇಲೆ ಪ್ರೊಸೆಸರ್ ಸುತ್ತ ನಿಂತಿರುವ, ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳನ್ನು ನೋಡಿ. ತಲೆಯ ಮೇಲೆ ಕೂಡು ಗುರುತಿನ ಹಾಗೆ ಗೀರು ಇರುತ್ತದೆ. ತಲೆ ತಟ್ಟೆ ಇಡ್ಲಿಯ ಹಾಗೆ ಚಪ್ಪಟೆ ಇರಬೇಕು. ಮಾಮೂಲಿ ಇಡ್ಲಿಯ ಹಾಗೆ ಉಬ್ಬಿದ್ದರೆ, ಅಥವಾ ಕಂದು ಬಣ್ಣದ ಅಂಟು ಇಣುಕಿದ್ದರೆ, ಅದು ಸತ್ತಿದೆ. 2000ದಿಂದ 2005ರ ಆಚೀಚೆ ತಯಾರಾದ ಎಷ್ಟೋ ಬೋರ್ಡ್‌ಗಳಲ್ಲಿ ಒಳಗಿನ ದ್ರವವೇ ಕಳಪೆ. ಜಗತ್ತಿನಲ್ಲೆಲ್ಲ ಇದೇ ಗೋಳಾಗಿತ್ತು. ಬದಲಿ ಹಾಕಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ. ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವುದು), 105 ಡಿಗ್ರಿ ಅಂತ ಕೇಳಿ ತನ್ನಿ. ರೇಡಿಯೋ ರಿಪೇರಿ ಅಂಗಡಿಯ ಮಾಮೂಲಿ 85 ಡಿಗ್ರಿಯದ್ದು ಹಾಕಿ 'ಅದೂ ಇದೂ ಒಂದೇ' ಅನ್ನುವವರಿಗೆ ಬೋರ್ಡ್ ಕೊಡಬೇಡಿ. ಒಳ್ಳೆಯದು ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬನ್ನಿ. ಎಪ್ಪತ್ತು ಕಿಲೋಮೀಟರ್, ಏನು ಮಹಾ.

ಎಸ್‌ಎಂಪಿಎಸ್ ಬಗ್ಗೆ ನಾನು ಸ್ವಲ್ಪ ಪುಕ್ಕಲ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಡಿಸಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಆದ್ದರಿಂದ ಅದರ ಡಬ್ಬ ನೀವು ಬಿಚ್ಚುವಂತಿಲ್ಲ. ಟಿವಿ ರಿಪೇರಿಯವರ ಹತ್ತಿರ ಸೀರೀಸ್ ಬೋರ್ಡ್ ಇರುತ್ತದೆ, ದಾರಿಯಲ್ಲಿ 100 ವ್ಯಾಟಿನ ಹಳೇ ಬಲ್ಬ್ ಕೂರಿಸಿದ್ದು. ಎಸ್‌ಎಂಪಿಎಸ್ ಒಂದನ್ನೇ ಬಿಚ್ಚಿಕೊಂಡು ಹೋಗಿ ಅದರಲ್ಲಿ ಹಾಕಿಸಿ. ಬಲ್ಬ್ ಒಂದು ಸಲ ಮಿಂಚಿ ಮಂಕಾದರೆ ಜೀವ ಇದೆ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಎಷ್ಟು ಸಲೀಸು ನೋಡಿ, ಆದರೂ ಯಾರೂ ಮಾಡುವುದಿಲ್ಲ.

ಜೀವ ಇದ್ದರೆ ಬಲ್ಬ್ ತೆಗೆಸಿ, ಸಿಡಿ ಡ್ರೈವ್ ಒಂದನ್ನು ಸಿಕ್ಕಿಸಿ, ಹಸಿರು ವೈರನ್ನು ಕಪ್ಪಿಗೆ ಕೂಡಿಸಿ ಮೀಟರ್ ಹಿಡಿಯಬೇಕು. ಕೆಂಪು 4.75ರಿಂದ 5.25 ವೋಲ್ಟ್, ಹಳದಿ 11.4ರಿಂದ 12.6. ಆಚೆ ಹೋದರೆ ಹೊಸದು ತನ್ನಿ. ಸ್ಟಿಕರಿನ ಮೇಲೆ 450 ವ್ಯಾಟ್ ಅಂತ ಬರೆದು, ಕೈಯಲ್ಲಿ ಹಿಡಿದರೆ ಹಪ್ಪಳದ ಕಟ್ಟಿನಷ್ಟು ಹಗುರ ಇರುವುದನ್ನು ಮಾತ್ರ ತರಬೇಡಿ. ಪೆಂಟಿಯಂ 3 ಇರುವವರು ಇನ್ನೊಂದು ಗಮನಿಸಿ: ಆ ಬೋರ್ಡ್‌ಗಳು ಜಾಸ್ತಿ ಎಳೆಯುವುದು 5 ವೋಲ್ಟಿನಿಂದ. ಹೊಸ ಎಸ್‌ಎಂಪಿಎಸ್‌ಗಳ ಬಲವೆಲ್ಲ 12 ವೋಲ್ಟಿನಲ್ಲಿ. ಲೇಬಲ್ಲಿನಲ್ಲಿ 5 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಅಂತ ಓದಿಯೇ ದುಡ್ಡು ಕೊಡಿ.

ಹೀಟ್‌ಸಿಂಕ್ ಕೆಳಗಿನ ಪೇಸ್ಟ್ ಒಣಗಿ ಸಿಮೆಂಟ್ ಆಗಿರುತ್ತದೆ. ನಿಮ್ಮ ಕಾಲದ ಪೆಂಟಿಯಂ 4ರಲ್ಲಿ ಇದೊಂದು ದೊಡ್ಡ ಕಾಟ. ಹೀಟ್‌ಸಿಂಕ್ ಎಳೆದರೆ, ಸಾಕೆಟ್ಟಿನ ಲಿವರ್ ಹಾಕಿದ್ದಂತೆಯೇ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, 478 ಪಿನ್ನಿನಲ್ಲಿ ನಾಲ್ಕಾದರೂ ಬಾಗಿರುತ್ತವೆ. ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಿಸಿ ಮಾಡಿ, ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸಿ, ಸಡಿಲ ಆಯಿತು ಅನ್ನಿಸಿದ ಮೇಲೆ ಎತ್ತಿ. ಹಟ ಮಾಡಿದರೆ ಬಿಟ್ಟು, ಮತ್ತೆ ಬಿಸಿ ಮಾಡಿ. ಹೊಸ ಪೇಸ್ಟ್ ಕಡಲೆ ಕಾಳಿನಷ್ಟು ಸಾಕು, ಬೆಣ್ಣೆ ದೋಸೆ ಮಾಡುವುದು ಬೇಡ. ಬೋರ್ಡಿನ ಗುಂಡಿ ಸೆಲ್ಲನ್ನೂ ಬದಲಾಯಿಸಿ, 2032 ಅಂದರೆ ಗಡಿಯಾರದ ಅಂಗಡಿಯಲ್ಲೇ ಕೊಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ಸ್ವಿಚ್ ಒತ್ತಿ. ಮೊದಲು ಪ್ರೊಸೆಸರ್ ಮತ್ತು ಒಂದೇ ರ‍್ಯಾಮ್ ಸ್ಟಿಕ್ ಇಟ್ಟು. ಸ್ಕ್ರೀನ್ ಬಂದ ಮೇಲೆ ಉಳಿದದ್ದು ಒಂದೊಂದಾಗಿ. ನಿಮ್ಮ ಮಷೀನಿಗೆ ವಿಂಡೋಸ್ ಎಕ್ಸ್‌ಪಿ ಹಾಕಿ, ಒಂದು ಜಿಬಿ ರ‍್ಯಾಮ್ ಇರಲಿ. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಬೋರ್ಡಿನಲ್ಲಿ ಎಜಿಪಿ ಸ್ಲಾಟ್ (ಆಗಿನ ಗ್ರಾಫಿಕ್ಸ್ ಕಾರ್ಡ್ ಕೂರುವ ಜಾಗ) ಇದೆಯಾ ನೋಡಿ. ಆಗ ಅಗ್ಗಕ್ಕೆ ಜೋಡಿಸಿದ 845ಜಿವಿ ಬೋರ್ಡ್‌ಗಳಲ್ಲಿ ಅದು ಇಲ್ಲ. ನಾನೂ ಅಂಥವು ಮಾರಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಒಂದೇ ಮಷೀನಿನಲ್ಲಿ ಡೇವ್‌ನಿಂದ ಹಿಡಿದು ವೈಸ್ ಸಿಟಿವರೆಗೆ ಎಲ್ಲಾ ಆಡಬೇಕು. ಯಾವುದು ಕೊಳ್ಳಲಿ?
— ಓದುಗರು, ಶಿರಾ

ಮೊದಲು ಗೇಮ್ ಪಟ್ಟಿ ಬರೆಯಿರಿ, ಆಮೇಲೆ ಮಷೀನ್. ಎಲ್ಲರೂ ತಿರುಗುಮುರುಗು ಮಾಡುತ್ತಾರೆ. ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಇಂಥವಕ್ಕೆ ಈಗಿನ ಲ್ಯಾಪ್‌ಟಾಪಿನಲ್ಲೇ ಡಾಸ್‌ಬಾಕ್ಸ್ ಅನ್ನುವ, ಹಳೇ ಡಾಸ್ ಗೇಮ್ ಓಡಿಸುವ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಾಗಿಲ್ಲ. 1996ರಿಂದ 2001ರವರೆಗಿನವಕ್ಕೆ ಪೆಂಟಿಯಂ 3, ವಿಂಡೋಸ್ 98 ಸೆಕೆಂಡ್ ಎಡಿಷನ್, ಜೀಫೋರ್ಸ್ 2 ಎಂಎಕ್ಸ್ ಥರದ ಕಾರ್ಡ್. ವೈಸ್ ಸಿಟಿ ಪಿಸಿಗೆ ಬಂದದ್ದು 2003ರಲ್ಲಿ, ಅದಕ್ಕೆ ಮೇಲೆ ಹೇಳಿದ ಎಕ್ಸ್‌ಪಿ ಮಷೀನ್. ಎರಡೂ ಬೇಕೆಂದರೆ ಎರಡು ಮಷೀನ್ ಇಡಿ. ಮನೆಯವರನ್ನು ಒಪ್ಪಿಸುವುದು ನಿಮ್ಮ ಜವಾಬ್ದಾರಿ.

ವಿಂಡೋಸ್ 98ಗೆ 1 ಜಿಬಿ ರ‍್ಯಾಮ್ ಹಾಕಿದೆ. ಮೆಮೊರಿ ಸಾಲದು ಅಂತ ಬರುತ್ತಿದೆ. ಇನ್ನೂ ಹಾಕಲಾ?
— ಓದುಗರು, ಮಧುಗಿರಿ

ತೆಗೆಯಿರಿ. ಜಾಸ್ತಿ ಆಗಿದ್ದಕ್ಕೇ ಅದು ಸಾಲದು ಅನ್ನುತ್ತಿರುವುದು. 512 ಎಂಬಿ ದಾಟಿದರೆ 98 ತಬ್ಬಿಬ್ಬಾಗುತ್ತದೆ, 256 ಧಾರಾಳ.

ಆನ್‌ಲೈನಿನಲ್ಲಿ ವೂಡೂ 3 ಎಜಿಪಿ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿದೆ. ನನ್ನ ಪೆಂಟಿಯಂ 4 ಬೋರ್ಡಿಗೆ ಕೂರುತ್ತಿಲ್ಲ. ಸ್ವಲ್ಪ ಉಜ್ಜಿ ಕೂರಿಸಬಹುದಾ?
— ಓದುಗರು, ತುಮಕೂರು

ಆ ಕಾರ್ಡ್ 3.3 ವೋಲ್ಟಿನದು, ನಿಮ್ಮ ಸ್ಲಾಟ್ 1.5. ಕಚ್ಚು ಬೇರೆ ಕಡೆ ಮಾಡಿರುವುದೇ ನಿಮ್ಮಂಥವರನ್ನು ತಡೆಯಲು. ಅರ ಕೆಳಗಿಡಿ, ಕಾರ್ಡನ್ನು ಪೆಂಟಿಯಂ 3 ಇರುವವರಿಗೆ ಕೊಡಿ.

ಹಳೇ ಗೇಮಿನ ಒರಿಜಿನಲ್ ಸಿಡಿ ಇದೆ, ಹೊಸ ವಿಂಡೋಸಿನಲ್ಲಿ ಓಡುತ್ತಿಲ್ಲ. ಸಿಡಿ ಹಾಳಾಗಿದೆಯಾ?
— ಓದುಗರು, ಕುಣಿಗಲ್

ಬಹುಶಃ ಸಿಡಿ ಸರಿ ಇದೆ. ಆಗಿನ ಎಷ್ಟೋ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಅನ್ನುವ, ನಕಲು ತಡೆಯುವ ಬೀಗ ಇತ್ತು. ಅದರ ಡ್ರೈವರಿನಲ್ಲಿ ಭದ್ರತೆಯ ತೂತು ಇದ್ದದ್ದರಿಂದ ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರಿಂದ ಅದಕ್ಕೆ ಜಾಗವನ್ನೇ ಕೊಡಲಿಲ್ಲ. ಎಕ್ಸ್‌ಪಿ ಮಷೀನಿನಲ್ಲಿ ಹಾಕಿ, ಓಡುತ್ತದೆ. ಎಲ್ಲೋ ಸಿಕ್ಕ 'ಕ್ರ್ಯಾಕ್' ಇಳಿಸಿಕೊಂಡು ವೈರಸ್ ಹಿಡಿಸಿಕೊಂಡು ನನ್ನ ಹತ್ತಿರ ಬರಬೇಡಿ.

ಎಕ್ಸ್‌ಪಿ ಮಷೀನಿಗೆ ವೈ-ಫೈ ಹಾಕಿಸಬೇಕು.
— ಓದುಗರು, ಕ್ಯಾತ್ಸಂದ್ರ

ಯಾಕೆ? 2014ರ ಏಪ್ರಿಲ್‌ನಲ್ಲೇ ಅದಕ್ಕೆ ಅಪ್‌ಡೇಟ್ ನಿಂತಿದೆ. ಪೆನ್ ಡ್ರೈವಿನಲ್ಲಿ ತಂದು ಹಾಕಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ರಬ್ಬರ್ ಚಪ್ಪಲಿ ಹಾಕಿಕೊಂಡು ಆಡಿ ಅಂತ ಅಂಗಡಿಯವರು ಹೇಳಿದರು.
— ಓದುಗರು, ಪಾವಗಡ

ನಿಮ್ಮ ಪ್ಲಗ್ಗಿಗೆ ಅರ್ಥಿಂಗ್ ಬಂದಿಲ್ಲ. ಚಪ್ಪಲಿ ಆ ಅಂಗಡಿಯವರಿಗೇ ಇರಲಿ, ನೀವು ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿಯವರೆಗೆ ಮಕ್ಕಳನ್ನು ಕೂರಿಸಬೇಡಿ.

ಹಳೇ ದಪ್ಪ ಮಾನಿಟರಿನಲ್ಲಿ ಕೆಂಪು ಪಾದರಸ ಇರುತ್ತಾ? ಲಕ್ಷಗಟ್ಟಲೆ ಬೆಲೆ ಅಂತ ಒಬ್ಬರು ಕೇಳಿಕೊಂಡು ಬಂದಿದ್ದರು.
— ಓದುಗರು, ಕೊರಟಗೆರೆ

ಇಲ್ಲ. ಶುದ್ಧ ಮೋಸ. ಪಿಕ್ಚರ್ ಟ್ಯೂಬಿನಲ್ಲಿ ಇರುವುದು ಇಪ್ಪತ್ತು ಸಾವಿರ ವೋಲ್ಟ್‌ಗೂ ಮೇಲೆ ಕರೆಂಟು, ಬಿಚ್ಚಿದವರಿಗೆ ಅದೇ ಸಿಗುವುದು. ಆ ಮಾನಿಟರ್ ಸರಿ ಇದ್ದರೆ ಒಡೆಯಬೇಡಿ. 640–480ರ ಹಳೇ ಗೇಮ್ ಅದರಲ್ಲಿ ಕಾಣುವಷ್ಟು ಚೆನ್ನಾಗಿ ಎಲ್‌ಸಿಡಿಯಲ್ಲಿ ಕಾಣುವುದಿಲ್ಲ. ನಿಮಗೆ ಬೇಡದಿದ್ದರೆ ನನಗೆ ಹೇಳಿ, ನಾನೇ ಬಂದು ಆಟೋದಲ್ಲಿ ತರುತ್ತೇನೆ.