ಮೂಳೆಗಂಟು: ಯಾವುದನ್ನು ತೆಗೆಸಬೇಕು, ಯಾವಾಗ?

ಪ್ರಶ್ನೆ: ಮಗಳಿಗೆ 9 ವರ್ಷ. ಮೊಣಕಾಲು, ಮಣಿಕಟ್ಟು, ಭುಜದ ಹತ್ತಿರ ಗಟ್ಟಿ ಗಂಟುಗಳಿವೆ. ಯಜಮಾನರಿಗೂ ಚಿಕ್ಕಂದಿನಿಂದ ಇವೆ. ಎಕ್ಸ್‌-ರೇ ನೋಡಿ ‘ಹೆರೆಡಿಟರಿ ಮಲ್ಟಿಪಲ್ ಎಕ್ಸೊಸ್ಟೋಸಿಸ್’ (ವಂಶದಲ್ಲಿ ಬರುವ ಹಲವು ಮೂಳೆಗಂಟುಗಳು) ಅಂದಿದ್ದಾರೆ. ಈಚೆಗೆ ಎಡ ಮುಂಗೈ ಸೊಟ್ಟಗಾಗುತ್ತಿದೆ. ಎಲ್ಲ ಗಂಟುಗಳನ್ನೂ ಒಂದೇ ಸಲ ತೆಗೆಸಿಬಿಡಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡಿ ತಾಯಿ. ನೋವು ಕೊಡುವ, ನರವನ್ನೋ ರಕ್ತನಾಳವನ್ನೋ ಒತ್ತುವ, ಕೀಲು ಆಡಲು ಬಿಡದ, ಮೂಳೆಯನ್ನು ಬಗ್ಗಿಸುವ ಗಂಟಿಗೆ ಮಾತ್ರ ಆಪರೇಷನ್. ಉಳಿದವು ಮಗುವಿನ ಬೆಳವಣಿಗೆ ನಿಂತಾಗ ತಾವೂ ನಿಲ್ಲುತ್ತವೆ. ಚಿಕ್ಕ ವಯಸ್ಸಿನಲ್ಲಿ ಗಂಟು, ಮೂಳೆ ಉದ್ದ ಬೆಳೆಯುವ ಜಾಗವಾದ ಗ್ರೋತ್ ಪ್ಲೇಟಿಗೆ ಅಂಟಿಕೊಂಡಂತೆ ಇರುತ್ತದೆ. ಆಗ ಕೆತ್ತಿದರೆ ಪ್ಲೇಟಿಗೇ ಏಟು ಬಿದ್ದು ಮೂಳೆ ಗಿಡ್ಡವಾಗಬಹುದು. ತೆಗೆಯುವಾಗ ಗಂಟಿನ ನೆತ್ತಿಯ ಮೃದ್ವಸ್ಥಿಯ (ಮೆತ್ತನೆಯ ಎಲುಬಿನ) ಟೋಪಿ, ಅದರ ಮೇಲಿನ ಪೊರೆ ಎರಡೂ ಪೂರ್ತಿ ಬರಬೇಕು. ಚೂರು ಉಳಿದರೆ ಮತ್ತೆ ಬೆಳೆಯಬಹುದು. ಮೊಣಕಾಲಿನ ಹೊರಬದಿಯ ಗಂಟಾದರೆ, ಪಾದ ಎತ್ತುವ ನರ ಅಲ್ಲೇ ಹಾದುಹೋಗುತ್ತದೆ. ಮೊದಲು ನರವನ್ನು ಬಿಡಿಸಿ ಕಾಪಾಡಿಕೊಳ್ಳದಿದ್ದರೆ ಪಾದ ಜೋತುಬೀಳುವ ಅಪಾಯವಿದೆ.

ನಮಗೆ ಚಿಂತೆ ಇರುವುದು ಮಗಳ ಮುಂಗೈಯ ಬಗ್ಗೆ. ಕಿರುಬೆರಳಿನ ಕಡೆಯ ಮೂಳೆ ಅಲ್ನಾ. ಅದರ ಉದ್ದದ ಬಹುಪಾಲು ಮಣಿಕಟ್ಟಿನ ತುದಿಯಿಂದಲೇ ಬರುವುದು. ಅಲ್ಲಿ ಗಂಟು ಕೂತರೆ ಅಲ್ನಾ ಗಿಡ್ಡವಾಗಿ, ಪಕ್ಕದ, ಹೆಬ್ಬೆರಳಿನ ಕಡೆಯ ಮೂಳೆ ರೇಡಿಯಸ್ ಬಿಲ್ಲಿನಂತೆ ಬಾಗುತ್ತದೆ. ಕೆಲವರಲ್ಲಿ ಮೊಣಕೈ ಬಳಿ ರೇಡಿಯಸ್ಸಿನ ತಲೆ ಕೀಲಿನಿಂದ ಜಾರುತ್ತದೆ. ಜಾರಿದ ಮೇಲೆ ಸರಿಪಡಿಸುವುದು ಬಹಳ ಕಷ್ಟ. ಮೊಣಕೈ, ಮಣಿಕಟ್ಟು ಎರಡೂ ಕಾಣುವಂತೆ ಪೂರ್ತಿ ಮುಂಗೈಯ ಎಕ್ಸ್‌-ರೇ ಈಗಲೇ ತೆಗೆಸಿ. ಮನೆಯಲ್ಲಿ ಮಗಳಿಗೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಲು ಹೇಳಿ. ತಿರುಗುವುದು ಕಮ್ಮಿಯಾಗುತ್ತಾ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ.

ಅಲ್ನಾವನ್ನು ಉದ್ದ ಮಾಡಬೇಕಾದರೆ ಮೂಳೆಯನ್ನು ಅಡ್ಡ ಕತ್ತರಿಸಿ, ಹೊರಗಿನಿಂದ ಫಿಕ್ಸೇಟರ್ (ಚರ್ಮದ ಮೂಲಕ ಮೂಳೆಗೆ ಹೋಗುವ ಪಿನ್ನುಗಳ ಮೇಲೆ ನಿಲ್ಲುವ ಚೌಕಟ್ಟು) ಕೂರಿಸುತ್ತಾರೆ. 5ರಿಂದ 7 ದಿನ ಬಿಟ್ಟು, ಸಾಮಾನ್ಯವಾಗಿ ದಿನಕ್ಕೆ 1 ಮಿ.ಮೀ., ಅದನ್ನೂ ಕಾಲು ಮಿ.ಮೀ.ನಂತೆ ನಾಲ್ಕು ಸಲ, ಅದರ ತಿರುಪು ತಿರುಗಿಸಿ ಮೂಳೆಯ ಎರಡು ತುಂಡುಗಳನ್ನು ದೂರ ಸರಿಸಬೇಕು. ಅವಸರ ಮಾಡಿದರೆ ನಡುವೆ ಮೂಳೆ ತುಂಬದು. ತೀರಾ ನಿಧಾನಿಸಿದರೆ ಉದ್ದವಾಗುವ ಮೊದಲೇ ಬೆಸೆದುಕೊಳ್ಳುತ್ತದೆ. 2 ಸೆಂ.ಮೀ.ಗೆ ಎಳೆಯುವುದೇ ಸುಮಾರು 20 ದಿನ, ಗಟ್ಟಿಯಾಗಲು ಇನ್ನೂ ಎರಡು ಮೂರು ತಿಂಗಳು.

ನಿಮ್ಮ ಕಡೆಯವರು ಇದನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳದಿರುವುದು ಒಳ್ಳೆಯದು. ಪಿನ್ನಿನ ಬುಡ ಒಣಗಿರಬೇಕು. ಜುಲೈಯಲ್ಲಿ ಕೊಡಗಿನಲ್ಲಿ ಬಟ್ಟೆಯೇ ಒಣಗುವುದಿಲ್ಲ. ಎಳೆಯುವ ದಿನಗಳಲ್ಲಿ ಮೈಸೂರಿಗೋ ಮಂಗಳೂರಿಗೋ ಮತ್ತೆ ಮತ್ತೆ ಎಕ್ಸ್‌-ರೇಗೆ ಹೋಗಬೇಕು, 2018ರ ಹಾಗೆ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮಗು ಸಿಕ್ಕಿಬೀಳುತ್ತದೆ. ಕಾಫಿ ಕುಯ್ಲು ಮುಗಿಸಿಕೊಂಡು ಫೆಬ್ರವರಿಯಲ್ಲಿ ಶುರು ಮಾಡಿದರೆ ಮಳೆ ಹಿಡಿಯುವ ಹೊತ್ತಿಗೆ ಫಿಕ್ಸೇಟರ್ ಬಿಚ್ಚುವ ಹಂತಕ್ಕೆ ಬರಬಹುದು. ರೇಡಿಯಸ್ ಜಾರತೊಡಗಿದ್ದರೆ ಮಾತ್ರ ಕುಯ್ಲಿಗೂ ಕಾಯಬೇಡಿ. ಪಿನ್ನಿನ ಸುತ್ತ ಕೆಂಪಾಗಿ ಕೀವು ಕಂಡರೆ ಆವತ್ತೇ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಯಜಮಾನರಿಗೆ 41. ಅವರ ತೊಡೆಯ ಗಂಟು ಈ ವರ್ಷ ದಪ್ಪವಾದಂತಿದೆ. ವಯಸ್ಸಾದಂತೆ ಹಾಗಾಗುತ್ತದೆಯೇ?
– ಅದೇ ಓದುಗರು

ಉತ್ತರ: ಆಗಬಾರದು. ಮೊದಲು ಎಂಆರ್‌ಐ ಮಾಡಿಸಿ. ಮೃದ್ವಸ್ಥಿಯ ಟೋಪಿ 2 ಸೆಂ.ಮೀ.ಗಿಂತ ದಪ್ಪವಿದ್ದರೆ ಕಾಂಡ್ರೋಸಾರ್ಕೋಮ ಎಂಬ ಕ್ಯಾನ್ಸರಿನ ಶಂಕೆ ಪಡಬೇಕು. ಎಲ್ಲೋ ಒಂದು ಕಡೆ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿಕೊಂಡು ಆಮೇಲೆ ದೊಡ್ಡಾಸ್ಪತ್ರೆಗೆ ಹೋಗಬೇಡಿ: ಸೂಜಿ ಹೋದ ದಾರಿಯಲ್ಲೂ ಕ್ಯಾನ್ಸರಿನ ಕಣ ಉಳಿಯಬಹುದು, ಆ ದಾರಿಯನ್ನೂ ಕತ್ತರಿಸಬೇಕಾಗಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ, ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯನ್ನೂ ನಿರ್ಧರಿಸಲಿ. ಹಳೆಯ ಎಕ್ಸ್‌-ರೇಗಳಿದ್ದರೆ ಜೊತೆಗೆ ಒಯ್ಯಿರಿ. ಗಂಟು ಎಷ್ಟು ಬೆಳೆದಿದೆ ಎಂದು ಅಳೆಯಲು ಅವು ಬೇಕು.