ಟೊಮೆಟೊ ಸುದ್ದಿಯಲ್ಲಿ ‘ಶಾಕ್’ ಯಾರಿಗೆ?

ಪ್ರಶ್ನೆ: ಸರ್, ನಾನು ಕೋಲಾರದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮಪ್ಪ ಟೊಮೆಟೊ ಬೆಳೆಯುತ್ತಾರೆ. ಟಿವಿಯಲ್ಲಿ ಟೊಮೆಟೊ ರೇಟಿನ ಸುದ್ದಿ ಬಂದರೆ ಸಾಕು, ರಿಮೋಟ್ ತಗೊಂಡು ಆಫ್ ಮಾಡಿಬಿಡುತ್ತಾರೆ. ನಾನು ಎಷ್ಟು ಸಲ ನೋಡಿದರೂ ಅದರಲ್ಲಿ ಸುಳ್ಳು ಕಾಣಲಿಲ್ಲ, ರೇಟು ಸರಿಯಾಗೇ ಹೇಳುತ್ತಾರೆ. ಹಾಗಾದರೆ ಅಪ್ಪನಿಗೆ ಯಾಕೆ ಅಷ್ಟು ಕೋಪ? ಕಾಲೇಜಿನಲ್ಲಿ ಮಾಧ್ಯಮಗಳ ಮಾತಿನ ರೀತಿ ಬಗ್ಗೆ ಪ್ರಾಜೆಕ್ಟ್ ಬರೆಯಬೇಕು. ಇದನ್ನೇ ತಗೊಳ್ಳಲಾ? ಅಪ್ಪನ ಕೋಪವನ್ನೂ ಅದರಲ್ಲಿ ಬರೆದರೆ ತಪ್ಪಾಗುತ್ತಾ?

ಉತ್ತರ: ಖಂಡಿತ ಇದನ್ನೇ ತಗೊಳ್ಳಿ. ಇದಕ್ಕಿಂತ ಒಳ್ಳೆಯ ವಿಷಯ ನಿಮಗೆ ಸಿಗುವುದಿಲ್ಲ.

ಮೊದಲು ಸುಳ್ಳು ಹುಡುಕುವುದನ್ನು ಬಿಡಿ. ಒಂದೂ ಸುಳ್ಳು ಹೇಳದೆ ಒಬ್ಬರನ್ನು ಮನೆಯೊಳಗೆ ಕೂರಿಸಿ ಇನ್ನೊಬ್ಬರನ್ನು ಹೊಸ್ತಿಲಾಚೆ ನಿಲ್ಲಿಸಬಹುದು. ಬೆಲೆ ಏರಿದಾಗ ಬರುವ ಸಾಲುಗಳನ್ನು ನೆನಪು ಮಾಡಿಕೊಳ್ಳಿ. ‘ಗ್ರಾಹಕರಿಗೆ ಶಾಕ್’, ‘ಜೇಬಿಗೆ ಕತ್ತರಿ’, ‘ಗೃಹಿಣಿಯರಿಗೆ ಬರೆ’. ಎಲ್ಲದರಲ್ಲೂ ಒಂದು ‘ಗೆ’ ಇದೆ, ನೋಡಿದಿರಾ? ಶಾಲೆಯಲ್ಲಿ ಚತುರ್ಥಿ ವಿಭಕ್ತಿ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಆ ‘ಗೆ’ ಯಾರಿಗೆ ಅಂಟಿದೆಯೋ ಅವರೇ ಆ ಸುದ್ದಿಯ ಮನೆಯವರು, ಸುದ್ದಿ ಹೇಳುತ್ತಿರುವುದು ಅವರಿಗೇ. ಅದೇ ದಿನ ನಿಮ್ಮ ಮನೆಯಲ್ಲಿ ಹಳೇ ಸಾಲ ತೀರುವ ಮಾತು ನಡೆದಿರಬಹುದು. ನಿಮ್ಮಪ್ಪ ಕಾದು ಕಾದು ಕಂಡ ಒಳ್ಳೆಯ ದಿನಕ್ಕೆ ಟಿವಿ ಇಟ್ಟ ಹೆಸರು ‘ಶಾಕ್’. ಕೋಪ ಬರದೆ ಇನ್ನೇನು?

ಅಮೆರಿಕದ ಕೆನೆತ್ ಬರ್ಕ್ ಎಂಬ ವಿಮರ್ಶಕರು 1950ರಲ್ಲೇ ಇದನ್ನು ಚೆನ್ನಾಗಿ ಹಿಡಿದಿದ್ದರು. ಇನ್ನೊಬ್ಬರನ್ನು ಒಪ್ಪಿಸುವುದು ವಾದದಿಂದ ಶುರುವಾಗುವುದಿಲ್ಲ, ‘ಇವನೂ ನಮ್ಮವನೇ’ ಅಂತ ಅವರಿಗೆ ಅನ್ನಿಸುವುದರಿಂದ ಶುರುವಾಗುತ್ತದೆ ಎಂಬುದು ಅವರ ವಿಚಾರದ ತಿರುಳು. ಆದರೆ ಒಬ್ಬರ ಜೊತೆ ‘ನಾವು’ ಆದ ಕೂಡಲೇ ಇನ್ನು ಯಾರೋ ‘ಅವರು’ ಆಗಲೇಬೇಕು, ಅಲ್ವಾ? ಬರ್ಕ್ ಅದನ್ನೂ ಮರೆಯಲಿಲ್ಲ.

ಈಗ ರೇಟು ಬಿದ್ದ ದಿನದ ಸುದ್ದಿ ನೋಡಿ. ‘ರೈತ ಕಂಗಾಲು’, ‘ಅನ್ನದಾತನ ಕಣ್ಣೀರು’. ರಸ್ತೆಗೆ ಸುರಿದ ಟೊಮೆಟೊ, ಹಿಂದೆ ದುಃಖದ ಸಂಗೀತ. ಆವತ್ತಾದರೂ ಸುದ್ದಿ ನಿಮ್ಮಪ್ಪನ ಕಡೆಗೆ ತಿರುಗಿತು ಅನ್ನಿಸುತ್ತದೆ. ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಆದರೆ ಒಂದು ಮಾತು ಅಲ್ಲಿ ಬರುವುದೇ ಇಲ್ಲ, ಗಮನಿಸಿ: ‘ಗ್ರಾಹಕರಿಗೆ ಜಾಕ್‌ಪಾಟ್’. ಏರಿದಾಗ ರೈತನಿಗೆ ಜಾಕ್‌ಪಾಟ್, ಲಾಟರಿ ಅನ್ನುತ್ತಾರೆ. ಇಳಿದಾಗ ಕೊಳ್ಳುವವರಿಗೆ ಆ ಮಾತು ಅಂಟುವುದಿಲ್ಲ. ಅಗ್ಗದ ಟೊಮೆಟೊ ಎಂದಿನ ಸಂಗತಿ, ದುಬಾರಿ ಟೊಮೆಟೊ ಅನಾಹುತ, ಇದು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಒಪ್ಪಿಕೊಂಡ ಮಾತು. ನೀವು ಬರೆಯಬೇಕಾದ್ದು ಮುಖ್ಯವಾಗಿ ಇದನ್ನೇ. ಮಾಧ್ಯಮ ಹೇಳಿದ್ದಕ್ಕಿಂತ, ಹೇಳದೆ ಒಪ್ಪಿಸಿದ್ದು ಜಾಸ್ತಿ ಕೆಲಸ ಮಾಡುತ್ತದೆ.

ಲಾಟರಿ ಅನ್ನುವ ಪದವನ್ನೂ ಸುಮ್ನೆ ಬಿಡಬೇಡಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ನಿಮಗೆ ನೆನಪಿರುತ್ತದೆ. ಆಗ ಕೋಲಾರ ಜಿಲ್ಲೆಯ ಒಂದು ರೈತ ಕುಟುಂಬ 2,000 ಬಾಕ್ಸ್ ಮಾರಿ 38 ಲಕ್ಷ ಗಳಿಸಿತು ಅಂತ ದೇಶವೆಲ್ಲ ಸುದ್ದಿಯಾಯಿತು. ಲೆಕ್ಕ ಹಾಕಿ ನೋಡಿ. ಬಾಕ್ಸ್‌ಗೆ 1,900 ಬೀಳುತ್ತದೆ, ಕೆಜಿಗೆ ಸುಮಾರು 127. ಮೂವತ್ತು ಟನ್ ಹಣ್ಣು ಅದು! ‘ಒಂದೇ ದಿನಕ್ಕೆ 38 ಲಕ್ಷ’ ಅಂದಾಗ ಸಸಿ ನೆಟ್ಟಲ್ಲಿಂದ ಕಾಯಿ ಬಿಡಿಸುವವರೆಗಿನ ತಿಂಗಳುಗಳು ಮಾಯ. ಕಡ್ಡಿ ನೆಟ್ಟು ದಾರ ಕಟ್ಟಿದ ಕೂಲಿ, ಔಷಧಿ, ಡ್ರಿಪ್, ಬಾಡಿಗೆ, ಮಂಡಿ ಕಮಿಷನ್, ಹಿಂದಿನ ಬೆಳೆಯ ನಷ್ಟ, ಯಾವುದೂ ಕಾಣುವುದಿಲ್ಲ. ಲಾಟರಿ ಟಿಕೆಟ್ ಕೊಳ್ಳುವವನು ಬೆವರು ಸುರಿಸುವುದಿಲ್ಲವಲ್ಲ. ಆ ಒಂದು ಪದ ಬಂದರೆ ದುಡಿಮೆ ಅದೃಷ್ಟವಾಗಿಬಿಡುತ್ತದೆ. ಅಳತೆಯೂ ಮಾತಾಡುತ್ತದೆ. ಗ್ರಾಹಕನ ಕಷ್ಟ ಹೇಳುವಾಗ ಕೆಜಿ, ರೈತನ ಅದೃಷ್ಟ ಹೇಳುವಾಗ ಬಾಕ್ಸ್ ಇಲ್ಲವೇ ಲಕ್ಷ. ಎರಡೂ ನಿಜವೇ. ಕೇಳುವವರ ಕಿವಿಗೆ ಮಾತ್ರ ಎರಡೂ ಬೇರೆ ಬೇರೆ.

‘ಗಗನಕ್ಕೇರಿದ ಬೆಲೆ’, ‘ಪಾತಾಳಕ್ಕೆ ಕುಸಿದ ಬೆಲೆ’ ಅಂತಾರಲ್ಲ, ಅಲ್ಲಿ ಬೆಲೆ ತಾನೇ ಹತ್ತುತ್ತದೆ, ತಾನೇ ಬೀಳುತ್ತದೆ. ಹರಾಜು ಕೂಗಿದವರು, ಲಾರಿ ತುಂಬಿದವರು, ಎಲೆ ಮುದುರುವ ರೋಗ, ಅಕಾಲದ ಮಳೆ, ಯಾರೂ ಆ ವಾಕ್ಯದೊಳಗಿಲ್ಲ. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ಕರ್ನಾಟಕದಿಂದಲೂ ಟೊಮೆಟೊ ಕೊಂಡು ದೆಹಲಿಯಲ್ಲಿ ಮೊದಲಿಗೆ ಕೆಜಿಗೆ 90 ರೂಪಾಯಿಯಂತೆ ಮಾರಿಸಿತು. ಆಗ ‘ಗ್ರಾಹಕರಿಗೆ ರಿಲೀಫ್’. ಮತ್ತೆ ಅದೇ ‘ಗೆ’.

ಚಿತ್ರಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಒಂದು ಸೊಗಸಾದ ಕಾಕತಾಳೀಯ ಇದೆ. ಚಿತ್ರಗಳು ಹೇಗೆ ಮಾತಾಡುತ್ತವೆ ಅಂತ ಫ್ರಾನ್ಸಿನ ರೋಲಾಂ ಬಾರ್ತ್ 1964ರಲ್ಲಿ ಒಂದು ಪ್ರಬಂಧ ಬರೆದರು. ಅದು ಇವತ್ತಿಗೂ ಮಾಧ್ಯಮ ಪಾಠಗಳಲ್ಲಿ ಇದೆ. ಅವರು ಬಿಡಿಸಿ ತೋರಿಸಿದ್ದು ಪಾಂಜಾನಿ ಅನ್ನುವ ಪಾಸ್ತಾ ಕಂಪನಿಯ ಜಾಹೀರಾತನ್ನು. ಅದರಲ್ಲಿ ಅರ್ಧ ತೆರೆದ ಬಲೆಚೀಲ, ಪಾಸ್ತಾ ಪ್ಯಾಕೆಟ್ಟುಗಳು, ಜೊತೆಗೆ ಈರುಳ್ಳಿ, ದಪ್ಪ ಮೆಣಸಿನಕಾಯಿ, ಟೊಮೆಟೊ! ಚೀಲ ಅರ್ಧ ತೆರೆದಿರುವುದರಿಂದ ಈಗಷ್ಟೇ ಸಂತೆಯಿಂದ ಬಂದ ಹಾಗೆ ಕಾಣುತ್ತದೆ. ಪ್ಯಾಕೆಟ್ ಮಾಲಿಗೂ ತಾಜಾತನ ಅಂಟುತ್ತದೆ. ಟೊಮೆಟೊ, ಮೆಣಸಿನಕಾಯಿಯ ಬಣ್ಣಗಳು ‘ಇಟಲಿ’ ಅನ್ನುತ್ತವೆ. ಆದರೆ ಹಾಗೆ ಅನ್ನಿಸುವುದು ಫ್ರೆಂಚರಿಗೆ. ಕಂಪನಿಯ ಹೆಸರಲ್ಲಿರುವ ಇಟಲಿಯ ಸೊಗಡು ಇಟಲಿಯವರಿಗೇ ಅಷ್ಟಾಗಿ ತಟ್ಟಲಾರದು ಅಂತ ಬಾರ್ತ್ ಬರೆದರು. ಇನ್ನೊಂದು ಮಾತೂ ಹೇಳಿದರು. ಒಂದು ಚಿತ್ರಕ್ಕೆ ಹತ್ತು ಅರ್ಥ ಇರುತ್ತದೆ, ಪಕ್ಕದ ಬರಹ ಲಂಗರು ಹಾಕಿದ ಹಾಗೆ ಅದನ್ನು ಒಂದು ಅರ್ಥಕ್ಕೆ ಕಟ್ಟಿ ನಿಲ್ಲಿಸುತ್ತದೆ.

ಈಗ ರಸ್ತೆಗೆ ಸುರಿದ ಟೊಮೆಟೊ ಚಿತ್ರಕ್ಕೆ ಬನ್ನಿ. ಕೆಳಗೆ ‘ಕಣ್ಣೀರು’ ಅಂತ ಲಂಗರು ಹಾಕಿದ್ದಾರೆ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಅದು ಅಯ್ಯೋ ಪಾಪ ಅನ್ನಿಸುವ ದೃಶ್ಯ. ನಿಮ್ಮಪ್ಪನಿಗೆ ಅದು ಲೆಕ್ಕ. ಬಿಡಿಸಿದ ಕೂಲಿ, ಮಂಡಿಗೆ ಸಾಗಿಸಿದ ಬಾಡಿಗೆ ಸೇರಿದರೆ ಬರುವ ರೇಟಿಗಿಂತ ಹೆಚ್ಚಾಗುತ್ತದೆ, ಅದಕ್ಕೇ ಸುರಿದದ್ದು. ಲೆಕ್ಕ ಗೊತ್ತಿರುವ ಮನುಷ್ಯನನ್ನು ಅಳುವವನಾಗಿ ಮಾತ್ರ ತೋರಿಸಿದರೆ ಅದೂ ಒಂದು ಥರ ಬಾಯಿ ಮುಚ್ಚಿಸಿದ ಹಾಗೇ.

ಒಂದು ಎಚ್ಚರಿಕೆ ಇರಲಿ. ಚಾನೆಲ್‌ನವರನ್ನು ಖಳನಾಯಕರನ್ನಾಗಿ ಮಾಡಿ ಬರೆಯಬೇಡಿ. ಕೊಳ್ಳುವವರ ಕಷ್ಟ ನಾಟಕವಲ್ಲ. ನಿಮ್ಮೂರಲ್ಲೇ ಜಮೀನಿಲ್ಲದ, ಕೂಲಿಯಿಂದ ಬದುಕುವ ಮನೆಗಳೂ ಟೊಮೆಟೊ ಕೊಂಡೇ ಸಾರು ಮಾಡುತ್ತವೆ. ಅವರನ್ನೂ ಮಾತಾಡಿಸಿ.

ಕೆಲಸ ಶುರುಮಾಡಲು ರೇಟು ಏರಿದ ಒಂದು ವಾರ, ಬಿದ್ದ ಒಂದು ವಾರ ಆರಿಸಿಕೊಂಡು, ಒಂದೆರಡು ಚಾನೆಲ್ ಮತ್ತು ಕೋಲಾರದಲ್ಲೇ ಅಚ್ಚಾಗುವ ಒಂದು ಪತ್ರಿಕೆಯ ಶೀರ್ಷಿಕೆಗಳನ್ನು ಇದ್ದದ್ದು ಇದ್ದ ಹಾಗೇ ನೋಟ್‌ಬುಕ್‌ಗೆ ಇಳಿಸಿ. ‘ಗೆ’ ಎಲ್ಲಿದೆ, ಮೈಕ್ ಯಾರ ಮುಂದಿದೆ, ಅಳತೆ ಕೆಜಿಯೋ ಬಾಕ್ಸೋ, ಪಕ್ಕದಲ್ಲಿ ಗುರುತು ಹಾಕಿ. ಆಮೇಲೆ ಅದೇ ಶೀರ್ಷಿಕೆಯನ್ನು ನಿಮ್ಮಪ್ಪನ ಜಾಗದಲ್ಲಿ ನಿಂತು ತಿರುಗಿಸಿ ಬರೆಯಿರಿ. ‘ಬೆಳೆಗಾರರಿಗೆ ಕೊನೆಗೂ ಅಸಲು’ ಅಂತ ಓದಿದರೆ ಕಿವಿಗೆ ವಿಚಿತ್ರ ಅನ್ನಿಸುತ್ತದಾ? ಯಾಕೆ ವಿಚಿತ್ರ ಅನ್ನಿಸಿತು ಅಂತ ಒಂದು ಪುಟ ಬರೆಯಿರಿ.

ಅಪ್ಪನ ಕೋಪದ ಬಗ್ಗೆ ಕೇಳಿದ್ದೀರಿ. ಧಾರಾಳವಾಗಿ ಬರೆಯಬಹುದು. ಆದರೆ ‘ಅಪ್ಪನಿಗೆ ಕೋಪ ಬಂತು’ ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. ಮುಂದಿನ ಸಲ ಅವರು ರಿಮೋಟ್ ಎತ್ತಿಕೊಂಡಾಗ ತೆರೆಯ ಮೇಲೆ ಯಾವ ಪದ ಇತ್ತು, ಯಾರ ಮುಖ ಇತ್ತು ಅಂತ ತಕ್ಷಣ ಬರೆದಿಟ್ಟುಕೊಳ್ಳಿ. ಒಂದು ತಿಂಗಳು ಹೀಗೆ ಮಾಡಿ. ಆಮೇಲೆ ಬಿಡುವಾಗಿರುವಾಗ ಆ ಪಟ್ಟಿಯನ್ನು ಅವರ ಮುಂದಿಟ್ಟು, ‘ಇದರಲ್ಲಿ ಏನು ಸರಿಯಿಲ್ಲ ಅಪ್ಪಾ’ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.