ನೀರು ನಿಲ್ಲದ ಕ್ಯಾರವಾನ್ ಕಮೋಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮ ಕುಟುಂಬದವರು ಸೇರಿ ಹಳೆಯದೊಂದು ಕ್ಯಾರವಾನ್ ಕೊಂಡಿದ್ದೇವೆ. ಅದರ ಹಿಂಭಾಗದ ಪುಟ್ಟ ಶೌಚಾಲಯದಲ್ಲಿ ವಿದೇಶಿ ತಯಾರಿಕೆಯ ಕಮೋಡ್ ಇದ್ದು, ಕಾಲಿನಿಂದ ಪೆಡಲ್ ಒತ್ತಿದರೆ ತಳದ ಮುಚ್ಚಳ ತೆರೆದು, ಎಲ್ಲವೂ ನೇರವಾಗಿ ಕೆಳಗಿನ ಟ್ಯಾಂಕಿಗೆ ಬೀಳುತ್ತದೆ. ರಾತ್ರಿ ಮಲಗುವಾಗ ಬೋಗುಣಿಯಲ್ಲಿ ನೀರು ಬಿಟ್ಟಿದ್ದರೂ ಬೆಳಗ್ಗೆ ನೋಡಿದರೆ ಒಂದು ತೊಟ್ಟೂ ಉಳಿದಿರುವುದಿಲ್ಲ. ಒಳಗೆ ಕೂರಲಾಗದಷ್ಟು ವಾಸನೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದಾಗಲಂತೂ ಹಾಕಿದ ನೀರೆಲ್ಲ ದಾರಿಯಲ್ಲೇ ಇಳಿದುಹೋಗುತ್ತಿತ್ತು. ಇಡೀ ಕಮೋಡನ್ನೇ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ನಿಜವಾಗಿಯೂ ಬದಲಿಸಬೇಕೇ?
– ಓದುಗರು, ರಾಜರಾಜೇಶ್ವರಿನಗರ, ಬೆಂಗಳೂರು

ಉತ್ತರ: ದಯವಿಟ್ಟು ಈಗಲೇ ಬದಲಿಸಬೇಡಿ. ಬೋಗುಣಿ ಎಲ್ಲೂ ಬಿರುಕು ಬಿಟ್ಟಿಲ್ಲವಾದರೆ, ತಾವು ವಿವರಿಸಿರುವ ತೊಂದರೆಗೆ ಸಾಮಾನ್ಯವಾಗಿ ಕಾರಣವಾಗುವುದು ಬೋಗುಣಿಯ ತಳದಲ್ಲಿರುವ ಒಂದು ರಬ್ಬರ್ ಬಳೆ, ಅಂದರೆ ಸೀಲ್. ಅದನ್ನು ಸ್ವಚ್ಛಗೊಳಿಸಿದರೆ ಅನೇಕ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೂ ಬದಲಿಸಬೇಕಾದದ್ದು ಸೀಲನ್ನು ಮಾತ್ರ.

ಮೊದಲು ಆ ನೀರು ಏಕೆ ಮುಖ್ಯ ಎಂಬುದನ್ನು ಹೇಳಿಬಿಡುತ್ತೇನೆ. ಮನೆಯ ಕಮೋಡಿನಲ್ಲಿ ಕೊಳವೆ ಬಾಗಿ ಮೇಲೆದ್ದು ಮತ್ತೆ ಇಳಿಯುವುದರಿಂದ, ಆ ಬಾಗಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತು ಚರಂಡಿಯ ಅನಿಲವನ್ನು ತಡೆಯುತ್ತದೆ. ಕ್ಯಾರವಾನಿನ ಕಮೋಡಿನಲ್ಲಿ ಅಂಥ ಬಾಗು ಇರುವುದಿಲ್ಲ. ಬೋಗುಣಿಯ ಕೆಳಗೆ ಮುಚ್ಚಳ, ಮುಚ್ಚಳದ ಕೆಳಗೆ ಟ್ಯಾಂಕ್, ಅಷ್ಟೇ. ಮುಚ್ಚಳದ ಮೇಲೆ ನಿಲ್ಲುವ ಎರಡು ಮೂರು ಬೆರಳು ನೀರು ಮತ್ತು ಆ ನೀರನ್ನು ಹಿಡಿದಿಡುವ ಸೀಲ್, ಇವೆರಡೇ ತಮ್ಮ ಕುಟುಂಬಕ್ಕೂ ಆ ಟ್ಯಾಂಕಿಗೂ ನಡುವೆ ಇರುವ ತಡೆ. ಟ್ಯಾಂಕಿನಿಂದ ಮೇಲೇಳುವ ಅನಿಲದಲ್ಲಿ ಮೀಥೇನ್, ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಕಿಟಕಿ ಮುಚ್ಚಿಕೊಂಡು ಮಕ್ಕಳು ಮಲಗುವ ಚಿಕ್ಕ ಜಾಗದಲ್ಲಿ ಇದನ್ನು ಬರೀ ವಾಸನೆ ಎಂದು ಸಹಿಸಿಕೊಂಡು ಹೋಗಬಾರದು. ದುರಸ್ತಿಯಾಗುವವರೆಗೆ ಛಾವಣಿಯ ಕಿಂಡಿಯನ್ನೋ ಒಂದು ಕಿಟಕಿಯನ್ನೋ ತೆರೆದಿಟ್ಟು ಮಲಗಿರಿ.

ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಈಗ ಖಚಿತಪಡಿಸಿಕೊಳ್ಳಬೇಕು. ಕಮೋಡಿನ ಬುಡದ ಸುತ್ತ ಒಣ ವೃತ್ತಪತ್ರಿಕೆ ಹಾಸಿ, ಬೋಗುಣಿಗೆ ಒಂದು ಲೀಟರಿನಷ್ಟು ನೀರು ಸುರಿದು, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ ಕಾಯಿರಿ. ಪತ್ರಿಕೆ ಒದ್ದೆಯಾದರೆ ನೀರು ಹೊರಗೆ ಸೋರುತ್ತಿದೆ ಎಂದರ್ಥ. ಆಗ ಬುಡದ ಜೋಡಣೆಯನ್ನೂ ಹಿಂಬದಿಯ ನೀರಿನ ವಾಲ್ವನ್ನೂ ನೋಡಬೇಕಾಗುತ್ತದೆ. ಪತ್ರಿಕೆ ಒಣಗಿದ್ದು ಮಟ್ಟ ಮಾತ್ರ ಇಳಿದರೆ ನೀರು ಸೀಲ್ ದಾಟಿ ಟ್ಯಾಂಕಿಗೇ ಹೋಗುತ್ತಿದೆ. ಇಳಿಯುವ ವೇಗವೂ ತಿಳಿವಳಿಕೆ ಕೊಡುತ್ತದೆ. ಕೆಲವೇ ನಿಮಿಷಗಳಲ್ಲಿ ಬರಿದಾದರೆ ಮುಚ್ಚಳ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಸಂದಿನಲ್ಲಿ ಏನೋ ಸಿಕ್ಕಿಕೊಂಡಿದೆ. ತಮ್ಮಲ್ಲಿ ಆಗುತ್ತಿರುವಂತೆ ರಾತ್ರಿಯೆಲ್ಲ ನಿಧಾನವಾಗಿ ಇಳಿದರೆ ಸೀಲ್ ಒಣಗಿದೆ, ಅಥವಾ ಅದರ ಮೇಲೆ ಗಡಸು ನೀರಿನ ಬಿಳಿ ಪದರ ಕೂತಿದೆ.

ಕೆಲಸಕ್ಕೆ ಇಳಿಯುವ ಮೊದಲು ಟ್ಯಾಂಕನ್ನು ಖಾಲಿ ಮಾಡಿ, ನೀರಿನ ಪಂಪ್ ಆರಿಸಿ, ಪೆಡಲ್ ಒತ್ತಿ ಪೈಪಿನಲ್ಲಿ ಉಳಿದಿರುವ ಒತ್ತಡವನ್ನು ಇಳಿಸಿರಿ. ವಾಹನದ ಬಾಗಿಲು ಕಿಟಕಿಗಳೆಲ್ಲ ತೆರೆದಿರಲಿ. ಒಳಗೆ ಒಲೆ ಉರಿಯುತ್ತಿರಬಾರದು. ಕೈಗವಸು ತೊಟ್ಟು, ಟಾರ್ಚ್ ಹಿಡಿದು, ಮುಚ್ಚಿರುವ ಸ್ಥಿತಿಯಲ್ಲೇ ಮೊದಲು ತಳವನ್ನು ನೋಡಿರಿ. ಮುಚ್ಚಳದ ಅಂಚು ಸುತ್ತಲೂ ರಬ್ಬರಿನ ಅಡಿಯಲ್ಲಿ ಮರೆಯಾಗಿರಬೇಕು. ಒಂದು ಪಕ್ಕದಲ್ಲಿ ಅರ್ಧಚಂದ್ರಾಕಾರದ ಸಂದು ಕಂಡರೆ ದೋಷ ಸೀಲಿನದ್ದಲ್ಲ, ಪೆಡಲಿನ ಸ್ಪ್ರಿಂಗಿನದ್ದು ಅಥವಾ ಮುಚ್ಚಳ ಓಡಾಡುವ ದಾರಿಯಲ್ಲಿ ಸೇರಿಕೊಂಡ ಕಸದ್ದು. ಹಾಗಿದ್ದಲ್ಲಿ ಕಾಲಿನಿಂದ ಪೆಡಲನ್ನು ಮೇಲಕ್ಕೆತ್ತಿ ನೋಡಿ. ಆಗ ಸಂದು ಮುಚ್ಚಿಕೊಂಡರೆ ಸ್ಪ್ರಿಂಗ್ ಬಲ ಕಳೆದುಕೊಂಡಿದೆ ಎಂದು ತಿಳಿಯಬಹುದು.

ಸಂದು ಇಲ್ಲದಿದ್ದರೆ ಪೆಡಲ್ ಒತ್ತಿ ಮುಚ್ಚಳವನ್ನು ತೆರೆದಿಟ್ಟುಕೊಂಡು (ಇದಕ್ಕೆ ಇನ್ನೊಬ್ಬರ ನೆರವು ಇದ್ದರೆ ಸುಲಭ), ರಬ್ಬರಿನ ತುಟಿಯ ಅಡಿಭಾಗವನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿರಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ: ಒಂದೆಡೆ ಮರಳಿನ ಕಣ, ಇನ್ನೊಂದೆಡೆ ಒದ್ದೆ ಕಾಗದದ ಗಟ್ಟಿಯಾದ ಉಂಡೆ, ಮತ್ತೊಂದೆಡೆ ಕೂದಲ ಸುರುಳಿ, ಉಳಿದಂತೆ ಸುತ್ತಲೂ ಉಪ್ಪುಕಾಗದದಂತೆ ಒರಟಾದ ಪದರ. ಮೇಲಿನಿಂದ ಮಿಂಚುವಷ್ಟು ಸ್ವಚ್ಛವಾಗಿ ತೊಳೆದ ಕಮೋಡಿನಲ್ಲೂ ಈ ಅಡಿಭಾಗ ಹೀಗೇ ಇರುತ್ತದೆ, ಏಕೆಂದರೆ ತೊಳೆಯುವ ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ. ಹಳೆಯ ಟೂತ್ ಬ್ರಷ್ಷಿನಿಂದ ತುಟಿಯ ಮೇಲೂ ಕೆಳಗೂ, ಮುಚ್ಚಳದ ಅಂಚಿಗೂ ಚೆನ್ನಾಗಿ ಉಜ್ಜಿರಿ. ಚಾಕು, ಸ್ಕ್ರೂ ಡ್ರೈವರ್, ಉಕ್ಕಿನ ನಾರು ಯಾವುದನ್ನೂ ಬಳಸಬೇಡಿ. ರಬ್ಬರಿನ ಮೇಲೆ ಬಿದ್ದ ಒಂದು ಗೀರು ಸಾಕು, ಸೋರಿಕೆ ಶಾಶ್ವತವಾಗುತ್ತದೆ.

ಬಿಳಿ ಪದರವು ಬ್ರಷ್ಷಿಗೆ ಬಗ್ಗುವುದಿಲ್ಲ. ಅದಕ್ಕೆ ಅಡುಗೆಗೆ ಬಳಸುವ ಬಿಳಿ ವಿನಿಗರ್ ಬೇಕು. ಬೋಗುಣಿಯಲ್ಲಿ ಅದು ನಿಲ್ಲುವುದಿಲ್ಲವಾದ್ದರಿಂದ ಹಳೆಯ ಹತ್ತಿಬಟ್ಟೆಯನ್ನು ವಿನಿಗರಿನಲ್ಲಿ ಅದ್ದಿ, ಹಗ್ಗದಂತೆ ಹೊಸೆದು, ಮುಚ್ಚಿದ ತಳದ ಅಂಚಿನುದ್ದಕ್ಕೂ ಒತ್ತಿ ಕೂರಿಸಿ ಒಂದು ಗಂಟೆ ಬಿಡಿ. ಬಳಿಕ ಉಗುರುಬೆಚ್ಚಗಿನ ನೀರು ಹಾಕಿ ಉಜ್ಜಿದರೆ ಪದರ ಪುಡಿಪುಡಿಯಾಗಿ ಬಿಡುತ್ತದೆ. ಒಮ್ಮೆಗೆ ಹೋಗದಿದ್ದರೆ ಮತ್ತೆ ಮಾಡಿರಿ, ಆತುರಪಟ್ಟು ಕೆರೆಯಬೇಡಿ.

ವಾಹನದ ಟ್ಯಾಂಕಿಗೆ ಯಾವ ನೀರು ತುಂಬಿಸುತ್ತೀರಿ ಎಂದು ತಾವು ಬರೆದಿಲ್ಲ. ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಆಗಿದ್ದರೆ ಈ ಪದರದ ಮೂಲ ಅಲ್ಲೇ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಾಗ ಮಾತ್ರ 600ರವರೆಗೆ ಒಪ್ಪಬಹುದು. ಬೆಂಗಳೂರಿನ ಅನೇಕ ಬೋರ್‌ವೆಲ್‌ಗಳ ನೀರು ಎಷ್ಟು ಗಡಸೆಂಬುದನ್ನು ಬಚ್ಚಲಿನ ನಲ್ಲಿಗಳ ಮೇಲಿನ ಬಿಳಿ ಕಲೆಗಳೇ ಹೇಳುತ್ತವೆ. ಸಾಧ್ಯವಾದರೆ ಕ್ಯಾರವಾನಿಗೆ ಕಾವೇರಿ ನೀರನ್ನೇ ತುಂಬಿಸಿ.

ಪದರ ಹೋದ ಮೇಲೆ ಸೀಲನ್ನು ಒಣಬಟ್ಟೆಯಿಂದ ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸುತ್ತಲೂ ಸವರಿರಿ. ಪೆಡಲನ್ನು ಹಲವು ಬಾರಿ ಒತ್ತಿ ಬಿಟ್ಟರೆ ಗ್ರೀಸ್ ಮುಚ್ಚಳದ ಅಂಚಿಗೂ ಹರಡಿಕೊಳ್ಳುತ್ತದೆ. ಈ ಸೀಲ್ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಇದ್ದಂತೆ: ಮೃದುವಾಗಿ ಇರುವವರೆಗೆ ತಾನೇ ಹೊಂದಿಕೊಂಡು ಕೂರುತ್ತದೆ, ಒಣಗಿ ಗಟ್ಟಿಯಾದರೆ ಎಷ್ಟು ಬಿಗಿದರೂ ಸಂದು ಬಿಡುತ್ತದೆ. ವಾರಗಟ್ಟಲೆ ವಾಹನವನ್ನು ನಿಲ್ಲಿಸುವಾಗ, ಅದರಲ್ಲೂ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ, ಬೋಗುಣಿಯ ನೀರು ಆವಿಯಾಗಿ ರಬ್ಬರ್ ಒಣಗುತ್ತದೆ. ಆಗಾಗ ಬಾಗಿಲು ತೆರೆದು ಒಂದು ಚೊಂಬು ನೀರು ಹಾಕುವ ಅಭ್ಯಾಸವಿದ್ದರೆ ಸೀಲ್ ಹೆಚ್ಚು ವರ್ಷ ಬಾಳುತ್ತದೆ. ಎಲ್ಲ ಮುಗಿದ ಮೇಲೆ ಮತ್ತೆ ಒಂದು ಲೀಟರ್ ನೀರು ಹಾಕಿ, ಗುರುತು ಮಾಡಿ, ರಾತ್ರಿಯಿಡೀ ಬಿಟ್ಟು ನೋಡಿರಿ.

ಇನ್ನು ಶಿರಾಡಿಯ ವಿಷಯ. ತಾವು ಅದನ್ನು ಬರೆದದ್ದು ಬಹಳ ಉಪಕಾರವಾಯಿತು, ಏಕೆಂದರೆ ಅದು ಎರಡನೆಯ ದೋಷವೊಂದನ್ನು ಸೂಚಿಸುತ್ತದೆ. ಟ್ಯಾಂಕಿನಿಂದ ಛಾವಣಿಗೆ ಒಂದು ಗಾಳಿ ಕೊಳವೆ ಹೋಗಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇಕಡಾ 10ರಷ್ಟು ಕಡಿಮೆ. ಕೊಳವೆ ಕಟ್ಟಿಕೊಂಡಿದ್ದರೆ ಇಲ್ಲಿನ ತೆಳುಗಾಳಿಯೇ ಟ್ಯಾಂಕಿನಲ್ಲಿ ಉಳಿದು, ಘಾಟಿ ಇಳಿದಂತೆಲ್ಲ ಹೊರಗಿನ ಒತ್ತಡ ಹೆಚ್ಚಿ, ಬೋಗುಣಿಯ ನೀರನ್ನು ಸೀಲಿನ ಸಂದಿನಿಂದ ಕೆಳಕ್ಕೆ ತಳ್ಳುತ್ತದೆ. ಘಾಟಿ ಹತ್ತುವಾಗ ಇದು ತಿರುಗಿ, ಟ್ಯಾಂಕಿನ ಗಾಳಿ ಗುಳುಗುಳು ಎಂದು ಬೋಗುಣಿಗೆ ಏರುತ್ತದೆ. ಮರಳಿ ಬರುವಾಗ ಹಾಗೆ ಗುಳ್ಳೆ ಎದ್ದಿದ್ದರೆ ಕೊಳವೆ ಕಟ್ಟಿಕೊಂಡಿದೆ ಎಂದು ಬಹುಮಟ್ಟಿಗೆ ನಂಬಬಹುದು. ಛಾವಣಿ ಹತ್ತಿ ಅದರ ಟೊಪ್ಪಿಯನ್ನು ತೆಗೆದು ನೋಡಿರಿ. ಎಲೆ, ಜೇಡರ ಬಲೆ, ಕಣಜದ ಗೂಡು ಇಂಥವು ಸಿಗುತ್ತವೆ. ಮೇಲಿನಿಂದ ನೀರು ಸುರಿದಾಗ ಸರಾಗವಾಗಿ ಇಳಿದರೆ ಸಾಕು.

ಇಷ್ಟಾದರೂ ನೀರು ನಿಲ್ಲದಿದ್ದರೆ ಸೀಲ್ ಬದಲಿಸಿ. ಕಮೋಡಿನ ಹಿಂಬದಿಯ ಅಥವಾ ಬುಡದ ಚೀಟಿಯಲ್ಲಿರುವ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಂಡು, ಅದೇ ಮಾದರಿಯ ಸೀಲ್ ಕಿಟ್ಟನ್ನು ತರಿಸಿರಿ. ಜೆ.ಸಿ. ರಸ್ತೆಯಲ್ಲೋ ಎಸ್.ಪಿ. ರಸ್ತೆಯಲ್ಲೋ ರಬ್ಬರ್ ಹಾಳೆಯಿಂದ ಇದೇ ಅಳತೆಗೆ ಕತ್ತರಿಸಿಕೊಡುವವರು ಸಿಗಬಹುದು, ಆದರೆ ಅದನ್ನು ನಾನು ಸಲಹೆ ಮಾಡುವುದಿಲ್ಲ. ಈ ಸೀಲಿನ ಕೆಲಸವೆಲ್ಲ ಅದರ ಬಾಗಿದ ತುಟಿಯಲ್ಲಿದೆ, ಚಪ್ಪಟೆ ಬಳೆಗೆ ಆ ತುಟಿ ಇರುವುದಿಲ್ಲ. ಡೊಮೆಟಿಕ್ ಕಂಪನಿಯ 300, 310, 320ರಂಥ ಮಾದರಿಗಳಲ್ಲಿ ಮುಚ್ಚಳವನ್ನು ತೆರೆದು ಹಿಡಿದು, ಹಳೆಯ ಸೀಲನ್ನು ಬೆರಳಿನಿಂದ ಮೇಲಕ್ಕೆ ಎಳೆದು ತೆಗೆದು, ಹೊಸದನ್ನು ಅದೇ ಕಾಲುವೆಯಲ್ಲಿ ಕೂರಿಸಬಹುದು, ಕಮೋಡನ್ನು ಬಿಚ್ಚಬೇಕಿಲ್ಲ. ಥೆಟ್‌ಫೋರ್ಡ್ ಕಂಪನಿಯ ಆಕ್ವಾ ಮ್ಯಾಜಿಕ್ ಸಾಲಿನ ಹಲವು ಮಾದರಿಗಳಲ್ಲಿ ನೀರಿನ ಪೈಪನ್ನೂ ಬುಡದ ನಟ್ಟುಗಳನ್ನೂ ಬಿಚ್ಚಿ, ಕಮೋಡನ್ನು ಎತ್ತಿ, ಅಡಿಯಿಂದ ಹಾಕಬೇಕಾಗುತ್ತದೆ. ಹಾಗೆ ಎತ್ತಿದಾಗ ನೆಲದ ಜೋಡಣೆಯ ಸೀಲನ್ನೂ ಹೊಸದಾಗಿ ಹಾಕುವುದು ಒಳ್ಳೆಯದು. ಮರಳಿ ಕೂರಿಸುವಾಗ ಎಡಬಲದ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಬಿಗಿಯಿರಿ. ಪಿಂಗಾಣಿ ಕಮೋಡನ್ನು ಒಂದೇ ಕಡೆ ಬಲವಾಗಿ ಬಿಗಿದರೆ ಬುಡ ಸೀಳುತ್ತದೆ.

ಪ್ರಶ್ನೆ: ನಮ್ಮ ಕ್ಯಾಂಪರ್ ವಾಹನದಲ್ಲಿ ಹೊರಗಿನಿಂದ ಎಳೆದು ತೆಗೆಯುವ ಕ್ಯಾಸೆಟ್ ಟಾಯ್ಲೆಟ್ ಇದೆ. ಸೀಲ್ ಒಣಗದಿರಲು ತೆಂಗಿನೆಣ್ಣೆ ಅಥವಾ ವ್ಯಾಸಲೀನ್ ಹಚ್ಚಬಹುದೇ? ಕಲೆ ಹೋಗಲು ಆ್ಯಸಿಡ್ ಹಾಕಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ಮೂರೂ ಬೇಡ. ವ್ಯಾಸಲೀನ್ ಪೆಟ್ರೋಲಿಯಂನಿಂದ ಬಂದದ್ದು. ಅದು ತಗುಲಿದ ರಬ್ಬರ್ ಉಬ್ಬಿ ಆಕಾರ ಕೆಡುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅಂದರೆ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಸೀಲಿನ ಮೇಲೆ ಗಟ್ಟಿಯಾಗಿ ಧೂಳು ಹಿಡಿದಿಡುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಸೀಲನ್ನೂ ಸ್ಪ್ರಿಂಗನ್ನೂ ತಿನ್ನುತ್ತದೆ. ಅದರ ಮೇಲೆ ಬ್ಲೀಚಿಂಗ್ ಪುಡಿ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಅಷ್ಟು ಚಿಕ್ಕ ಜಾಗದಲ್ಲಿ ಅದು ಪ್ರಾಣಾಪಾಯ. ತಮ್ಮ ಮಾದರಿಯಲ್ಲಿ ಸೀಲ್ ಇರುವುದು ಕ್ಯಾಸೆಟ್ಟಿನ ಮೇಲ್ಭಾಗದಲ್ಲಿ, ಜಾರುವ ಮುಚ್ಚಳದ ಕೆಳಗೆ. ಕ್ಯಾಸೆಟ್ ಹೊರತೆಗೆದು ಮನೆಯಂಗಳದಲ್ಲೇ ಇಟ್ಟುಕೊಂಡು ಮೇಲೆ ಹೇಳಿದ ವಿನಿಗರ್, ಟೂತ್ ಬ್ರಷ್, ಸಿಲಿಕೋನ್ ಗ್ರೀಸಿನ ಕ್ರಮವನ್ನೇ ಅನುಸರಿಸಬಹುದು. ಕ್ಯಾಸೆಟ್‌ಗಳು ಸಾಮಾನ್ಯವಾಗಿ 20 ಲೀಟರಿನ ಆಸುಪಾಸಿನವು. ತೊಳೆಯಲು ಜೆಟ್ ಬಳಸುವ ನಮ್ಮ ಮನೆಗಳಲ್ಲಿ ಅದು ಬೇಗ ತುಂಬುತ್ತದೆ, ತುಂಬಿ ತುಳುಕಿದ ಕ್ಯಾಸೆಟ್ ಸೋರುವುದನ್ನು ಕಂಡು ಸೀಲ್ ಹೋಯಿತೆಂದು ತಿಳಿಯುವವರೂ ಇದ್ದಾರೆ. ಆದ್ದರಿಂದ ಮೊದಲು ಖಾಲಿ ಮಾಡಿ ನೋಡಿರಿ.

ಪ್ರಶ್ನೆ: ಸೀಲ್ ದುರಸ್ತಿಗೆ ಮೊದಲು ಟ್ಯಾಂಕ್ ಖಾಲಿ ಮಾಡಬೇಕಷ್ಟೆ. ಅಪಾರ್ಟ್‌ಮೆಂಟಿನಲ್ಲಿರುವ ನಾವು ಎಲ್ಲಿ ಸುರಿಯಬೇಕು?
– ಓದುಗರು, ಕೆಂಗೇರಿ

ಉತ್ತರ: ರಸ್ತೆಬದಿಯ ಮಳೆನೀರಿನ ಮೋರಿಗೆ ಖಂಡಿತ ಬೇಡ. ತಮ್ಮ ಭಾಗದ ರಾಜಕಾಲುವೆಗಳು ವೃಷಭಾವತಿಯನ್ನೂ, ಅದರ ಮೂಲಕ ಅರ್ಕಾವತಿಯನ್ನೂ ಸೇರುತ್ತವೆ. ಅರ್ಕಾವತಿ ಸೇರುವುದು ಕಾವೇರಿಯನ್ನು. ಕಟ್ಟಡಕ್ಕೆ ಒಳಚರಂಡಿ ಸಂಪರ್ಕವಿದ್ದರೆ ಯಾವುದಾದರೂ ಶೌಚಾಲಯದ ಕಮೋಡಿಗೆ ನಿಧಾನವಾಗಿ ಸುರಿದು ಹೆಚ್ಚು ನೀರು ಬಿಡಬಹುದು. ಆದರೆ ಕಟ್ಟಡದ ಕೊಳಚೆ ನೀರು ಅಲ್ಲಿನದೇ ಶುದ್ಧೀಕರಣ ಘಟಕಕ್ಕೆ, ಅಂದರೆ ಎಸ್‌ಟಿಪಿಗೆ ಹೋಗುವುದಾದರೆ, ತಾವು ಟ್ಯಾಂಕಿಗೆ ಹಾಕುವ ನೀಲಿ ದ್ರಾವಣದ ಬಾಟಲಿಯನ್ನು ಮೊದಲು ಓದಿರಿ. ಅದರಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಎಸ್‌ಟಿಪಿಯಲ್ಲಿ ಕೊಳಚೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಅಂಥ ದ್ರಾವಣ ಬಿಟ್ಟು ಕಿಣ್ವ ಆಧಾರಿತವಾದದ್ದನ್ನು ಬಳಸಿ, ಸುರಿಯುವ ಮೊದಲು ಎಸ್‌ಟಿಪಿ ನೋಡಿಕೊಳ್ಳುವವರಿಗೆ ತಿಳಿಸಿರಿ. ಖಾಲಿಯಾದ ಟ್ಯಾಂಕನ್ನು ತೊಳೆದು, ತಳದಲ್ಲಿ ಎರಡು ಲೀಟರಿನಷ್ಟು ಶುದ್ಧ ನೀರು ಬಿಟ್ಟು ಸೀಲಿನ ಕೆಲಸ ಆರಂಭಿಸಿದರೆ, ಉಜ್ಜುವಾಗ ಕೆಳಗೆ ಬೀಳುವ ಸುಣ್ಣದ ಪುಡಿ ಟ್ಯಾಂಕಿಗೆ ಅಂಟದೆ ಮುಂದಿನ ತೊಳೆತದಲ್ಲಿ ಹೊರಹೋಗುತ್ತದೆ.